ನಲವತ್ತು ದನಿಗಳ ಹಾಡು, ಅದರಲ್ಲಿ ನನ್ನದೊಂದು ಸಾಲು

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನನ್ನ ಸಾಲನ್ನು ಹಾಡಿಕೊಳ್ಳುತ್ತಿದ್ದೆ. ಫೋನನ್ನು ಕಿಟಕಿಗೆ ಒರಗಿಸಿಟ್ಟಿದ್ದೆ. ಆ ಕಡೆ, ಸಾಗರದ ಮನೆಯಲ್ಲಿ, ಅಮ್ಮ ರಾತ್ರಿ ಊಟ ಮುಗಿಸಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಸ್ವಲ್ಪ ಹೊತ್ತು ಏನೂ ಹೇಳದೆ ಕೇಳಿದಳು. ಆಮೇಲೆ ಕೇಳಿಯೇಬಿಟ್ಟಳು: "ಎಂತ ಹಾಡೇ ಅದು? ತಲೆನೂ ಇಲ್ಲ, ಬುಡನೂ ಇಲ್ಲ. ಹೋಗ್ತಾ ಹೋಗ್ತಾ ಅರ್ಧದಲ್ಲಿ ನಿಂತ್ಬಿಡ್ತು!"

ಅಮ್ಮ ಮೂವತ್ತು ವರ್ಷ ಓಣಿಯ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಸರಳೆ ವರಸೆಯಿಂದ ಹಿಡಿದು ವರ್ಣದವರೆಗೆ. ನನಗೂ ಅವಳೇ ಗುರು. ಪಲ್ಲವಿ ಇಲ್ಲದ, ಎತ್ತುಗಡೆ ಇಲ್ಲದ, ನಡುವೆ ಉದ್ದಕ್ಕೆ ಬಾಯಿ ಮುಚ್ಚಿಕೊಂಡಿರುವ ಇದನ್ನು ಹಾಡು ಅಂತ ಅವಳು ಒಪ್ಪದಿದ್ದದ್ದು ಸರಿಯೇ. ನಾನು ಹಾಡುತ್ತಿದ್ದದ್ದು ಒಂದು ಹಾಡಿನ ನಲವತ್ತು ಪಾಲಿನಲ್ಲಿ ಒಂದು ಪಾಲು.

ಆ ಹಾಡಿನ ಹೆಸರು 'ಸ್ಪೆಮ್ ಇನ್ ಆಲಿಯುಮ್'. ಸುಮಾರು 1570ರಲ್ಲಿ ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್ ಬರೆದ ಮೋಟೆಟ್. ಲ್ಯಾಟಿನ್ ಮಾತುಗಳಿಗೆ ಹಲವು ದನಿಗಳನ್ನು ಹೆಣೆದು ಕಟ್ಟಿದ ದೇವರ ಹಾಡಿಗೆ ಆ ಕಾಲದಲ್ಲಿ ಮೋಟೆಟ್ ಅನ್ನುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ದನಿ, ಐದು ದನಿ, ಹೆಚ್ಚೆಂದರೆ ಎಂಟು. ಟ್ಯಾಲಿಸ್ ಬರೆದದ್ದು ನಲವತ್ತಕ್ಕೆ. ತಲಾ ಐದು ದನಿಯ ಎಂಟು ಮೇಳ. ಹಾಡಿದರೆ ಸುಮಾರು ಹತ್ತು ನಿಮಿಷ.

ನಲವತ್ತು ದನಿ ಅಂದರೆ ನಲವತ್ತು ಜನ ಅಂತ ಮಾತ್ರ ಅಲ್ಲ. ಶಾಲೆಯ ಮೈದಾನದಲ್ಲಿ ನಾನೂರು ಮಕ್ಕಳು ನಾಡಗೀತೆ ಹಾಡಿದರೂ ಅದು ಒಂದೇ ದನಿ, ಯಾಕೆಂದರೆ ಎಲ್ಲರ ಬಾಯಲ್ಲೂ ಒಂದೇ ಧಾಟಿ. ಇಲ್ಲಿ ಹಾಗಲ್ಲ. ನಲವತ್ತು ಜನಕ್ಕೆ ನಲವತ್ತು ಬೇರೆ ಬೇರೆ ಧಾಟಿ. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುತ್ತಾರೆ. ಒಬ್ಬರು ಮಾತಿನ ಮೊದಲ ಅಕ್ಷರದಲ್ಲಿದ್ದರೆ ಇನ್ನೊಬ್ಬರು ಕೊನೆಯದರಲ್ಲಿ.

ಇದನ್ನು ಮೊದಲ ಸಲ ಕೇಳಿದ್ದು ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಈ ದೇಶಕ್ಕೆ ಬಂದ ಹೊಸತು. ನಿಜ ಹೇಳಬೇಕೆಂದರೆ ಏನೂ ಕೇಳಿಸಲಿಲ್ಲ. ಹೆಂಚಿನ ಮೇಲೆ ಆಷಾಢದ ಮಳೆ ಬೀಳುವಾಗ ಒಂದು ಹನಿಯ ಸದ್ದನ್ನು ಬೇರೆ ಮಾಡಿ ಹೇಳಲಾಗುತ್ತದೆಯೇ? ಹಾಗಿತ್ತು. ಚೆನ್ನಾಗಿತ್ತು, ಆದರೆ ಒಳಗೆ ಹೋಗಲು ಬಾಗಿಲೇ ಸಿಗಲಿಲ್ಲ. ನನ್ನ ಕಿವಿ ಬೆಳೆದದ್ದು ಒಂದೇ ಒಂದು ಧಾಟಿಯ ಬೆನ್ನು ಹತ್ತಿ. ತಂಬೂರಿ ಶ್ರುತಿ ಕೊಡುತ್ತದೆ, ಪಿಟೀಲು ಹಿಂದೆ ಹಿಂದೆಯೇ ಬರುತ್ತದೆ, ನಡುವೆ ಒಬ್ಬರೇ ಹಾಡುತ್ತಾರೆ. ಇಲ್ಲಿ ಯಾರ ಹಿಂದೆ ಹೋಗುವುದು?

ಬಾಗಿಲು ಸಿಕ್ಕಿದ್ದು ಕೆಲವು ವರ್ಷಗಳ ನಂತರ, ಒಂದು ಗ್ಯಾಲರಿಯಲ್ಲಿ. ಜಾನೆಟ್ ಕಾರ್ಡಿಫ್ ಎಂಬ ಕೆನಡಾದ ಕಲಾವಿದೆ 2001ರಲ್ಲಿ ಈ ಮೋಟೆಟನ್ನೇ ಇಟ್ಟುಕೊಂಡು ಒಂದು ಕೆಲಸ ಮಾಡಿದ್ದಾರೆ. ಸಾಲ್ಸ್‌ಬರಿ ಕ್ಯಾಥೆಡ್ರಲ್‌ನ ಗಾಯಕರಿಂದ ಹಾಡಿಸಿ, ಒಂದೊಂದು ದನಿಯನ್ನೂ ಬೇರೆಯಾಗಿ ರೆಕಾರ್ಡ್ ಮಾಡಿದ್ದಾರೆ. ಖಾಲಿ ಕೋಣೆಯಲ್ಲಿ ಮೊಟ್ಟೆಯಾಕಾರದಲ್ಲಿ ನಲವತ್ತು ಸ್ಪೀಕರುಗಳು. ಒಂದೊಂದೂ ಆಳೆತ್ತರಕ್ಕೆ, ಸ್ಟ್ಯಾಂಡಿನ ಮೇಲೆ. ಒಂದೊಂದರಲ್ಲಿ ಒಂದು ದನಿ. ನಡುವೆ ಕೂತರೆ ಇಡೀ ಹಾಡು. ಎದ್ದು ಹೋಗಿ ಒಂದರ ಮುಂದೆ ನಿಂತರೆ ಒಬ್ಬರೇ ಮನುಷ್ಯರು.

ನಾನು ಒಂದು ಸ್ಪೀಕರಿಗೆ ಕಿವಿ ಹತ್ತಿರ ಇಟ್ಟೆ. ಕೆಳದನಿಯ ಗಂಡಸು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಒಂದು ಸಾಲು ಹಾಡಿದ, ನಿಲ್ಲಿಸಿದ. ಆಮೇಲೆ ಏನೂ ಇಲ್ಲ. ಬೆನ್ನ ಹಿಂದೆ ಹಾಡು ಮೇಲೇರುತ್ತಿದೆ, ಇವನು ಮಾತ್ರ ಸುಮ್ಮನಿದ್ದಾನೆ. ಸ್ಪೀಕರ್ ಕೆಟ್ಟಿತೇನೋ ಅಂದುಕೊಂಡು ಹಿಂದೆ ಸರಿಯುವಷ್ಟರಲ್ಲಿ ಮತ್ತೆ ಅದೇ ಉಸಿರು. ಮೈ ಜುಂ ಅಂದಿತು. ಅಷ್ಟು ಹೊತ್ತೂ ಅವನು ಅಲ್ಲೇ ಇದ್ದ. ಎಣಿಸುತ್ತಾ ಇದ್ದ.

ಅಲ್ಲಿಂದ ನನಗೆ ಈ ಹಾಡಿನ ಹುಚ್ಚು ಹತ್ತಿತು.

ಹಾಡು ಹುಟ್ಟಿದ ಕಥೆಯೂ ಚೆನ್ನಾಗಿದೆ. 1567ರಲ್ಲಿ ಅಲೆಸ್ಸಾಂದ್ರೊ ಸ್ತ್ರಿಜ್ಜೊ ಎಂಬ ಇಟಲಿಯ ಸಂಗೀತಗಾರ ಲಂಡನ್ನಿಗೆ ಬಂದಿದ್ದ. ಫ್ಲಾರೆನ್ಸಿನ ಮೆಡಿಚಿ ಮನೆತನದ ಆಸ್ಥಾನದವನು. ನಲವತ್ತು ದನಿಗೆ ಆಗಲೇ ಸಂಗೀತ ಬರೆದಿದ್ದವನು. ಅವನ ನಲವತ್ತು ದನಿಯ ಒಂದು ದೊಡ್ಡ ಪೂಜಾಸಂಗೀತದ ಕೊನೆಯ ಭಾಗ ಅರವತ್ತು ದನಿಗೆ ಏರುತ್ತದೆ. ಅದು ಕಳೆದೇ ಹೋಯಿತು ಅಂದುಕೊಂಡಿದ್ದರು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಿ, 2007ರಲ್ಲಿ ಲಂಡನ್ನಿನಲ್ಲಿ ಮತ್ತೆ ಹಾಡಿದರು.

ಇನ್ನು ಮುಂದಿನದು ಥಾಮಸ್ ವಾಟರಿಜ್ ಎಂಬ ಕಾನೂನು ವಿದ್ಯಾರ್ಥಿ 1611ರಲ್ಲಿ ಬರೆದಿಟ್ಟದ್ದು. ಎಲಿಜಬೆತ್ ರಾಣಿಯ ಕಾಲದಲ್ಲಿ ಹೊರದೇಶದಿಂದ ಮೂವತ್ತು ದನಿಯ ಹಾಡೊಂದು ಬಂತಂತೆ. ಅದನ್ನು ಕೇಳಿದ ಒಬ್ಬ ಡ್ಯೂಕ್, ನಮ್ಮ ಇಂಗ್ಲಿಷರಲ್ಲಿ ಇಂಥದ್ದನ್ನು ಮಾಡುವವರು ಯಾರೂ ಇಲ್ಲವೇ ಅಂತ ಕೇಳಿದನಂತೆ. ಟ್ಯಾಲಿಸ್ ಒಪ್ಪಿಕೊಂಡ. ನಲವತ್ತು ದನಿಗೆ ಬರೆದ. ಅರಂಡೆಲ್ ಹೌಸಿನ ಉದ್ದನೆಯ ಹಜಾರದಲ್ಲಿ ಹಾಡಿದರು. ಡ್ಯೂಕ್ ತನ್ನ ಕೊರಳಿನ ಚಿನ್ನದ ಸರವನ್ನು ತೆಗೆದು ಟ್ಯಾಲಿಸ್‌ನ ಕೊರಳಿಗೆ ಹಾಕಿದ.

ನಡೆದು ನಲವತ್ತು ವರ್ಷದ ಮೇಲೆ ಬರೆದ ಕೇಳಿದ ಮಾತು ಇದು. ಮೂವತ್ತೋ ನಲವತ್ತೋ ಅನ್ನುವುದೇ ಅದರಲ್ಲಿ ಕಲಸಿಹೋಗಿದೆ. ಆದರೂ ನನಗೆ ಆ ಸರದ ಮೇಲೆ ನಂಬಿಕೆ. ಒಳ್ಳೆಯ ಹಾಡು ಕೇಳಿದ ದೊರೆ ಕೊರಳಿನ ಸರ ತೆಗೆದು ಕೊಡುವ ಕಥೆ ನಮ್ಮ ಕಡೆಯವರಿಗೆ ಹೊಸತಲ್ಲ ನೋಡಿ. ಆ ಡ್ಯೂಕ್ ನಾರ್ಫೋಕಿನ ಥಾಮಸ್ ಹೊವಾರ್ಡ್ ಇರಬೇಕು ಅನ್ನುತ್ತಾರೆ ಬಲ್ಲವರು. ರಾಣಿಯ ವಿರುದ್ಧ ಪಿತೂರಿ ಮಾಡಿದ ಅಂತ 1572ರಲ್ಲಿ ಅವನ ತಲೆ ಕಡಿದರು.

ಟ್ಯಾಲಿಸ್ ಬದುಕಿದ ಕಾಲವೇ ಹಾಗಿತ್ತು. ಮಠಗಳಲ್ಲಿ ಸಂಗೀತಗಾರನಾಗಿದ್ದವನು ಅವನು. ಎಂಟನೆಯ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ. ಟ್ಯಾಲಿಸ್ ಇದ್ದ ವಾಲ್ಥಮ್ ಮಠ ಕೊನೆಯದಾಗಿ, 1540ರಲ್ಲಿ ಮುಚ್ಚಿತು. ಕೆಲಸ ಹೋಯಿತು. ಕೈಗೆ ಬಂದದ್ದು ಇಪ್ಪತ್ತು ಶಿಲ್ಲಿಂಗ್ ಸಂಬಳ, ಮೇಲೆ ಇಪ್ಪತ್ತು ಶಿಲ್ಲಿಂಗ್ ಇನಾಮು. ಅಲ್ಲಿಂದ ಒಂದು ಕೈಬರಹದ ಪುಸ್ತಕವೂ ಅವನ ಜೊತೆ ಬಂತು. ಹಳೆಯ ಸಂಗೀತಶಾಸ್ತ್ರದ ಬರಹಗಳನ್ನು ಸೇರಿಸಿದ ಪುಸ್ತಕ. ಅದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ, ಅವನ ಸಹಿಯೂ ಅದರಲ್ಲಿದೆ.

ಆ ಪುಸ್ತಕದಲ್ಲಿ ಒಂದು ನಿಯಮ ಇದೆ. ಎರಡು ದನಿಗಳು ಷಡ್ಜ ಪಂಚಮದಷ್ಟು ದೂರದಲ್ಲಿ ಜೋಡಿಯಾಗಿ ನಡೆಯಬಾರದು. ಒಂದೇ ಸ್ವರದಲ್ಲಿ, ಅಥವಾ ಒಂದು ಸ್ಥಾಯಿ ಅಂತರದಲ್ಲಿ ಒಟ್ಟೊಟ್ಟಿಗೆ ನಡೆಯುವುದೂ ತಪ್ಪು. ಯಾಕೆ ಗೊತ್ತಾ? ಹಾಗೆ ನಡೆದರೆ ಎರಡು ದನಿ ಕೇಳಿಸುವುದಿಲ್ಲ, ಒಂದರ ನೆರಳಾಗಿ ಇನ್ನೊಂದು ಹೋಗಿಬಿಡುತ್ತದೆ. ನಾಲ್ಕು ದನಿ ಬರೆಯುವಾಗಲೇ ಈ ನಿಯಮ ಪಾಲಿಸುವುದು ಕಷ್ಟ. ನಲವತ್ತಕ್ಕೆ? ಎಲ್ಲರೂ ಒಟ್ಟಿಗೆ ಹಾಡುವ ಜಾಗಗಳಲ್ಲಿ ಯಾರೂ ಯಾರ ನೆರಳೂ ಆಗದಂತೆ ಸಾಲುಗಳನ್ನು ಆ ಕಡೆ ಈ ಕಡೆ ಹಾರಿಸುತ್ತಾನೆ ಟ್ಯಾಲಿಸ್. ಅಮ್ಮನಿಗೆ ತಲೆಬುಡ ಇಲ್ಲ ಅನ್ನಿಸಿದ ಆ ನೆಗೆತಗಳು ಅಲ್ಲಿಂದ ಬಂದವು. ಇನ್ನೊಬ್ಬರ ದಾರಿಗೆ ಅಡ್ಡ ಬರದೆ, ಅವರ ಬೆನ್ನಿಗೂ ಅಂಟಿಕೊಳ್ಳದೆ ಹೋಗಬೇಕಲ್ಲ.

ಹಾಡು ಶುರುವಾಗುವುದು ಒಂದೇ ದನಿಯಿಂದ. ಮೊದಲ ಮೇಳದಲ್ಲಿ ಒಬ್ಬರು ಎತ್ತಿಕೊಳ್ಳುತ್ತಾರೆ. ಪಕ್ಕದವರು ಅದನ್ನೇ ಸ್ವಲ್ಪ ತಡವಾಗಿ ಹಿಡಿಯುತ್ತಾರೆ. ಹೀಗೆ ಎರಡನೆಯ ಮೇಳಕ್ಕೆ, ಮೂರನೆಯದಕ್ಕೆ ಹಬ್ಬುತ್ತದೆ. ಮುಂದಿನವರು ಬಂದ ಹಾಗೆ ಹಿಂದಿನವರು ಒಬ್ಬೊಬ್ಬರೇ ಸುಮ್ಮನಾಗುತ್ತಾರೆ. ಎಂಟನೆಯ ಮೇಳ ಮುಟ್ಟಿದ ಮೇಲೆ, ನಲವತ್ತನೆಯ ಅಳತೆಯಲ್ಲಿ (ನಮ್ಮ ಆವರ್ತದ ಹಾಗೆ ಹಾಡನ್ನು ಸಮನಾಗಿ ಭಾಗ ಮಾಡುವ ಲೆಕ್ಕ ಅದು), ನಲವತ್ತೂ ದನಿ ಒಮ್ಮೆಗೇ ಬರುತ್ತವೆ. ಲೆಕ್ಕ ನೋಡಿ, ನಲವತ್ತಕ್ಕೆ ನಲವತ್ತು. ಆಮೇಲೆ ಹಾಡು ಎಂಟರಿಂದ ಒಂದರ ಕಡೆಗೆ ವಾಪಸು ಹೊರಡುತ್ತದೆ. ಮುಂದೆ ಮೇಳಗಳು ಎದುರುಬದುರಾಗಿ ಮಾತು ಎಸೆದಾಡಿಕೊಳ್ಳುತ್ತವೆ.

ನಮ್ಮ ಊರಿನ ಹತ್ತಿರದ ಒಂದು ಚರ್ಚಿನಲ್ಲಿ ಇದನ್ನು ಒಂದು ದಿನದ ಮಟ್ಟಿಗೆ ಹಾಡುತ್ತಾರೆ, ಹವ್ಯಾಸಿಗಳೂ ಬರಬಹುದು ಅಂತ ಗೊತ್ತಾದಾಗ ಹೆಸರು ಕೊಟ್ಟೆ. ಎರಡು ತಿಂಗಳು ಮೊದಲೇ ಪುಸ್ತಕ ಬಂತು. ಒಂದೊಂದು ಪುಟದಲ್ಲೂ ನಲವತ್ತು ಸಾಲು, ಒಂದರ ಕೆಳಗೊಂದು. ಊಟದ ಮೇಜಿನ ಮೇಲೆ ಬಿಚ್ಚಿದರೆ ತಟ್ಟೆ ಇಡಲು ಜಾಗ ಇಲ್ಲ. ನನ್ನದು ಎಂಟನೆಯ ಮೇಳದ ಆಲ್ಟೊ, ಐದರಲ್ಲಿ ಮೇಲಿನಿಂದ ಎರಡನೆಯ ದನಿ; ಅದರ ಕೆಳಗೆ ಟೆನರ್, ಎಲ್ಲಕ್ಕೂ ಕೆಳಗೆ ಬಾಸ್. ಅಂದರೆ ಪುಟದ ಬುಡದಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲು. ಮೊದಲ ಪುಟ ತಿರುಗಿಸಿದೆ, ಖಾಲಿ. ಎರಡನೆಯದು, ಖಾಲಿ. ನನ್ನ ಸಾಲಿನಲ್ಲಿ ವಿರಾಮದ ಗುರುತುಗಳೇ. ಎಂಟನೆಯ ಮೇಳದವರು ಬಾಯಿ ತೆರೆಯುವ ಮೊದಲು ಎರಡು ನಿಮಿಷಕ್ಕೂ ಜಾಸ್ತಿ ಸುಮ್ಮನಿರಬೇಕು.

ಟ್ಯಾಲಿಸ್‌ನ ಕಾಲದ ಗಾಯಕರಿಗೆ ಇಂಥ ಪುಸ್ತಕವೂ ಸಿಗುತ್ತಿರಲಿಲ್ಲ. ಒಬ್ಬೊಬ್ಬರ ಕೈಗೂ ಅವರವರ ಸಾಲು ಮಾತ್ರ ಬರೆದ ಪುಸ್ತಕ. ಅಳತೆ ತೋರಿಸುವ ಅಡ್ಡಗೆರೆಗಳೂ ಇಲ್ಲ. ಉಳಿದವರು ಏನು ಹಾಡುತ್ತಾರೆ ಅಂತ ಕಣ್ಣಿಗೆ ಕಾಣುವುದಿಲ್ಲ. ಎಣಿಸಬೇಕು, ಕೇಳಿಸಿಕೊಳ್ಳಬೇಕು, ಅಷ್ಟೇ. ನಾನು ನನ್ನ ಸಾಲನ್ನು ಒಂದು ನೋಟ್‌ಬುಕ್ಕಿಗೆ ಬೇರೆಯಾಗಿ ಬರೆದುಕೊಂಡೆ. ಅವರ ಹಾಗೆ ನೋಡೋಣ ಅಂತ. ಇಡೀ ಹಾಡಿನಲ್ಲಿ ನನ್ನ ಪಾಲು ಕೆಲವೇ ಹಾಳೆಗಳಲ್ಲಿ ಮುಗಿಯಿತು.

ಆ ದಿನ ಬೆಳಗ್ಗೆ ನಮ್ಮನ್ನು ಕುದುರೆ ಲಾಳದ ಆಕಾರದಲ್ಲಿ ನಿಲ್ಲಿಸಿದರು. ಮೊದಲ ಮೇಳ ನಮ್ಮ ಎದುರಿಗೆ, ದೂರದಲ್ಲಿ. ನಾನು ತೊಡೆಯ ಮೇಲೆ ಆದಿ ತಾಳ ಹಾಕಿಕೊಂಡು ಎಣಿಸುತ್ತಿದ್ದೆ. ಬೇರೆ ಯಾವ ರೀತಿಯಲ್ಲೂ ನನಗೆ ಎಣಿಸಲು ಬರುವುದಿಲ್ಲ. ಎದುರಿನವರು ಶುರು ಮಾಡಿದರು. ಆ ಧಾಟಿಯಲ್ಲಿ ಹರಿಕಾಂಭೋಜಿ ರಾಗದ ಛಾಯೆ ನನಗೆ ಕೇಳಿಸುತ್ತದೆ, ಅದರಲ್ಲೇ ಮೈಮರೆತೆ. ಎಣಿಕೆ ತಪ್ಪಿತು. ಹೆದರಿಕೊಂಡು ನನ್ನ ಸ್ವರವನ್ನು ಬೇಗನೆ ಹಾಡಿಬಿಟ್ಟೆ.

ಯಾರೂ ನಿಲ್ಲಿಸಲಿಲ್ಲ. ಇಷ್ಟು ಜನರ ನಡುವೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಟೀ ಕುಡಿಯುವಾಗ ನಮ್ಮ ಮೇಳದ ಟೆನರ್ ಹತ್ತಿರ ಬಂದರು. ಎಪ್ಪತ್ತು ದಾಟಿದ ಹಿರಿಯರು. ಬೇಸರವೇನೂ ಇಲ್ಲದ ದನಿಯಲ್ಲಿ ಹೇಳಿದರು: "ನಾನು ನಿಮ್ಮ ಸ್ವರ ಕೇಳಿಸಿಕೊಂಡೇ ನನ್ನದನ್ನು ಹಿಡಿಯೋದು. ನೀವು ಬೇಗ ಬಂದರೆ ನಾನೂ ಬೇಗ ಬರ್ತೀನಿ. ನನ್ನನ್ನು ಕೇಳಿ ಬಾಸ್‌ನವರು ಬರ್ತಾರೆ."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನನ್ನ ಸ್ವರ ಸಭೆಯಲ್ಲಿ ಕೂತವರಿಗೆ ಬೇರೆಯಾಗಿ ಕೇಳಿಸುವುದೇ ಇಲ್ಲ. ಆದರೆ ಅದಕ್ಕಾಗಿ ಒಬ್ಬರು ಕಾಯುತ್ತಿರುತ್ತಾರೆ. ಪಕ್ಕದಲ್ಲೇ.

ಮಧ್ಯಾಹ್ನದ ಅಭ್ಯಾಸದಲ್ಲಿ ಇನ್ನೊಂದು ಆಯಿತು. ಒಂದು ಜಾಗದಲ್ಲಿ ನನ್ನ ಸ್ವರಕ್ಕೂ ಪಕ್ಕದ ಮೇಳದ ಒಬ್ಬರ ಸ್ವರಕ್ಕೂ ಹೊಡೆದಾಟ. ಕಿವಿ ಉರಿಯುವಂಥ ಅಪಸ್ವರ. ತಪ್ಪು ನನ್ನದೇ ಅಂದುಕೊಂಡು ಮೆಲ್ಲನೆ ಜಾರಿಸಿ ಅವರ ಸ್ವರಕ್ಕೆ ಸೇರಿಸಿಕೊಂಡೆ. ಹಾಡಿಸುತ್ತಿದ್ದವರು ಕೈ ಎತ್ತಿದರು. "ಸರಿಪಡಿಸಬೇಡಿ, ಅದು ಇರೋದೇ ಹಾಗೆ. ಇಬ್ಬರೂ ಬಿಡದೆ ಹಿಡ್ಕೊಳ್ಳಿ" ಅಂದರು.

ಪುಸ್ತಕ ತೆಗೆದು ನೋಡಿದೆ. ಅವರದು ಮೇಲಕ್ಕೆ ಹೋಗುವ ಸಾಲು, ಅದರಲ್ಲಿ ಕಾಕಲಿ ನಿಷಾದ, ಅಂದರೆ ಎತ್ತರದ 'ನಿ'. ನನ್ನದು ಕೆಳಗಿಳಿಯುವ ಸಾಲು, ಕೈಶಿಕಿ ನಿಷಾದ, ತಗ್ಗಿನ 'ನಿ'. ದೇಶ್ ರಾಗದಲ್ಲಿ ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ನಿಷಾದ ಹಾಡುವುದಿಲ್ಲವೇ? ಅದೇ. ಅಮ್ಮನ ಮುಂದೆ ಕೂತು ಎಷ್ಟು ಸಲ ಹಾಡಿಲ್ಲ! ನಮ್ಮಲ್ಲಿ ಒಬ್ಬರೇ ಹಾಡುವುದರಿಂದ ಅವೆರಡೂ ಒಂದರ ನಂತರ ಒಂದು ಬರುತ್ತವೆ. ಇಲ್ಲಿ ಹತ್ತುವವರೂ ಇಳಿಯುವವರೂ ಒಂದೇ ಮೆಟ್ಟಿಲ ಮೇಲೆ ಒಂದೇ ಗಳಿಗೆಗೆ ಎದುರಾಗುತ್ತಾರೆ. ಇಬ್ಬರದೂ ಸರಿಯಾದ ದಾರಿಯೇ. ಆ ಕ್ಷಣ ಉರಿಯುತ್ತದೆ, ದಾಟಿದ ಮೇಲೆ ಎಂಥಾ ತಂಪು ಅಂತೀರಿ! ಟ್ಯಾಲಿಸ್‌ಗೂ ಅವನ ಕಾಲದ ಇಂಗ್ಲಿಷರಿಗೂ ಇದು ಬಹಳ ಪ್ರೀತಿಯ ಜಾಗವಂತೆ. ಈಗ ನನಗೂ.

ಮಾತುಗಳ ಬಗ್ಗೆಯೂ ಹೇಳಬೇಕು. ಬೈಬಲ್ಲಿನ ಯೂದಿತಳ ಕಥೆಗೆ ಸೇರಿದ ಪ್ರಾರ್ಥನೆ. 'ನಿನ್ನ ಹೊರತು ಬೇರೆ ಯಾರಲ್ಲೂ ನಾನು ಭರವಸೆ ಇಟ್ಟಿಲ್ಲ, ಇಸ್ರಾಯೇಲಿನ ದೇವರೇ. ಮುನಿಯುವವನೂ ನೀನೇ, ಕರುಣೆ ತೋರುವವನೂ ನೀನೇ. ಕಷ್ಟದಲ್ಲಿ ಮನುಷ್ಯರ ಪಾಪಗಳನ್ನೆಲ್ಲ ಮನ್ನಿಸುವವನು. ಭೂಮಿ ಆಕಾಶಗಳನ್ನು ಮಾಡಿದ ಒಡೆಯನೇ, ನಮ್ಮ ದೀನತೆಯನ್ನು ನೋಡು.' ಅನ್ಯಥಾ ಶರಣಂ ನಾಸ್ತಿ ಅಂತ ದಿನಾ ಹೇಳಿಕೊಂಡು ಬೆಳೆದವರಿಗೆ ಇದು ದೂರದ ಮಾತಲ್ಲ.

ಆದರೆ ಟ್ಯಾಲಿಸ್‌ನ ಬಾಯಲ್ಲಿ ಇದಕ್ಕೆ ಬೇರೆಯೇ ತೂಕ ಇದೆ ಅನ್ನಿಸುತ್ತದೆ ನನಗೆ. ಅವನು ನಾಲ್ಕು ಅರಸರ ಕೆಳಗೆ ಕೆಲಸ ಮಾಡಿದ. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್. ಎಡ್ವರ್ಡ್ ಬಂದಾಗ ದೇವರ ಹಾಡು ಇಂಗ್ಲಿಷಿನಲ್ಲಿರಬೇಕು, ಮಾತು ಬಿಡಿಬಿಡಿಯಾಗಿ ಕೇಳಿಸಬೇಕು ಅಂತಾಯಿತು. ಹಾಗೇ ಬರೆದುಕೊಟ್ಟ. ಮೇರಿ ಬಂದಾಗ ಮತ್ತೆ ಲ್ಯಾಟಿನ್, ಮತ್ತೆ ದೊಡ್ಡ ದೊಡ್ಡ ಹೆಣಿಗೆ. ಅದನ್ನೂ ಮಾಡಿದ. ಎಲಿಜಬೆತ್ ಬಂದಾಗ ಮತ್ತೆ ಇಂಗ್ಲಿಷ್. ಅವನು ಮಾತ್ರ ಕೊನೆಯವರೆಗೂ ಹಳೆಯ ಕ್ಯಾಥೊಲಿಕ್ ನಂಬಿಕೆಯವನಾಗಿಯೇ ಉಳಿದ ಅಂತ ಹೇಳುತ್ತಾರೆ. ಜಗಳ ಮಾಡಲಿಲ್ಲ. ಅರವತ್ತು ದಾಟಿದ ಮೇಲೆ ಕೂತು, ನಿನ್ನ ಹೊರತು ಬೇರೆ ಯಾರಲ್ಲೂ ಭರವಸೆ ಇಟ್ಟಿಲ್ಲ ಅನ್ನುವ ಮಾತನ್ನು ಲ್ಯಾಟಿನ್ನಿನಲ್ಲಿ ನಲವತ್ತು ದನಿಗೆ ಬರೆದ. ಇದನ್ನು ಪಾಂಡಿತ್ಯದ ಪ್ರದರ್ಶನ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಪ್ರದರ್ಶನ ಮಾಡುವವನು ಎಂಟನೆಯ ಮೇಳವನ್ನು ಎರಡು ನಿಮಿಷ ಕಾಯಿಸುತ್ತಿರಲಿಲ್ಲ.

1585ರಲ್ಲಿ ಗ್ರೀನಿಚ್‌ನಲ್ಲಿ ತೀರಿಕೊಂಡ. ಹೇಗೆ ಬದುಕಿದನೋ ಹಾಗೇ ಸೌಮ್ಯವಾಗಿ, ಸದ್ದಿಲ್ಲದೆ ಸತ್ತ ಅಂತ ಅವನ ಸಮಾಧಿಯ ಮೇಲೆ ಬರೆಸಿದ್ದರು. ಆ ಹಳೆಯ ಚರ್ಚು 1710ರ ಬಿರುಗಾಳಿಗೆ ಬಿದ್ದುಹೋಯಿತು. ಈಗ ಅಲ್ಲಿ ಬೇರೆ ಚರ್ಚು ಇದೆ.

ಸಂಜೆ ನಾವು ಹಾಡಿದೆವು. ಕೇಳುವವರನ್ನು ನಡುವೆ ಕೂರಿಸಿದ್ದರು. ಎದುರಿನ ಮೂಲೆಯಿಂದ ಹಾಡು ಹೊರಟಿತು. ಈ ಸಲ ನಾನು ಎಣಿಕೆ ಬಿಡಲಿಲ್ಲ. ಒಂದೊಂದೇ ಮೇಳ ದಾಟಿ ಅದು ನಮ್ಮ ಕಡೆಗೆ ಬರುತ್ತಿರುವುದು ಮೈಗೇ ಗೊತ್ತಾಗುತ್ತಿತ್ತು, ಮಳೆ ಗುಡ್ಡ ದಾಟಿಕೊಂಡು ಬರುವ ಹಾಗೆ. ನನ್ನ ಸ್ವರ ಹಾಡಿದೆ. ಪಕ್ಕದಿಂದ ಆ ಹಿರಿಯರು ಹಿಡಿದುಕೊಂಡರು. ಅಷ್ಟೇ ನನಗೆ ಕೇಳಿಸಿದ್ದು. ಒಳಗೆ ನಿಂತವರಿಗೆ ಇಡೀ ಹಾಡು ಯಾವತ್ತೂ ಕೇಳಿಸುವುದಿಲ್ಲ.

ಕೊನೆಯ ಭಾಗಕ್ಕೆ ಮುಂಚೆ ಒಂದು ಜಾಗ ಇದೆ. ನಲವತ್ತು ಜನವೂ ಒಮ್ಮೆಗೇ ಬಾಯಿ ಮುಚ್ಚುತ್ತಾರೆ. ಅಲ್ಲಿಯವರೆಗೆ ಸುಮ್ಮನಿರುವುದು ಒಬ್ಬೊಬ್ಬರ ಪಾಲಿನದು, ಅಲ್ಲಿ ಮಾತ್ರ ಎಲ್ಲರದು. ಕಮಾನುಗಳ ಕೆಳಗೆ ಹಿಂದಿನ ಸ್ವರ ಇನ್ನೂ ತೇಲುತ್ತಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ, 'ರೆಸ್ಪಿಚೆ'. ನೋಡು ಅಂತ. ಅದಕ್ಕಿಂತ ಮುಂದೆ ಹಾಡಿದ್ದು ನನಗೆ ಸರಿಯಾಗಿ ನೆನಪಿಲ್ಲ. ಅಳು ಬರುತ್ತಿತ್ತು, ಎಣಿಸುತ್ತಲೂ ಇದ್ದೆ.

ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಅಮ್ಮನಿಗೆ ಕಳಿಸಿದೆ. ಮಾರನೇ ದಿನ ಫೋನ್ ಮಾಡಿದಳು. "ಕೇಳಿದೆ ಕಣೇ, ಎರಡು ಸಲ. ದೇವಸ್ಥಾನದಲ್ಲಿ ಕೂತ ಹಾಗಾಯ್ತು" ಅಂದಳು. ಸ್ವಲ್ಪ ತಡೆದು, "ನಿನ್ನ ಸಾಲು ಇನ್ನೊಂದ್ಸಲ ಹಾಡು, ಮೊದಲಿಂದ" ಅಂದಳು.

"ಮೊದಲಿಗೆ ಏನೂ ಇಲ್ಲ ಅಮ್ಮ. ಎರಡು ನಿಮಿಷ ಸುಮ್ನೆ ಇರ್ಬೇಕು."

"ಇದ್ರೆ ಇರು. ನಾನು ತಾಳ ಹಾಕ್ತೀನಿ. ಆದಿ ಅಲ್ವಾ? ಕಾಲ ತೋರ್ಸು."

ತೋರಿಸಿದೆ. ಅಮ್ಮ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿಕೊಂಡಳು. ತೊಡೆಯ ಮೇಲೆ ಕೈ ಬೀಳುವ ಸದ್ದು, ಬೆರಳೆಣಿಕೆ, ಮತ್ತೆ ಕೈ. ಆವರ್ತದ ಮೇಲೆ ಆವರ್ತ. ಇಬ್ಬರೂ ಮಾತಾಡಲಿಲ್ಲ. ಅವಳ ಹಿಂದಿನ ಕಿಟಕಿಯಿಂದ ಜೀರುಂಡೆಯ ಸದ್ದು ಬರುತ್ತಿತ್ತು. ಎಲ್ಲೂ ಅವಸರ ಮಾಡದೆ ಕೊನೆಯ ಆವರ್ತಕ್ಕೆ ಬಂದಳು. ನಾನು ಉಸಿರು ಎಳೆದುಕೊಂಡೆ.